ಕುರುವಾಯಿಗೆ ಕುರುವಾಯಿಯಿಂದಲೇ ಮದ್ದು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದರು. ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಶಾಲೆಯ ತೆಂಗಿನ ತೋಟಕ್ಕೂ ಅದರ ಗೊಬ್ಬರಗುಂಡಿಗೂ ಸಂಬಂಧಿಸಿದ ಒಂದು ವಿಷಯವನ್ನು ವಿವರಿಸಬೇಕೆಂಬ ಬಹುಕಾಲದ ಆಸೆಯನ್ನು ನಾನಿಲ್ಲಿ ತೀರಿಸಿಕೊಳ್ಳುತ್ತೇನೆ. ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ ಅಧ್ಯಾಪಕ ತರಬೇತಿ ಪಡೆದವನೇ ಹೊರತು ಕೀಟಶಾಸ್ತ್ರಜ್ಞನಲ್ಲ. ತೋಟದಲ್ಲಿ ಕಂಡದ್ದನ್ನೂ ಬಲ್ಲವರಿಂದ ಕೇಳಿ, ಓದಿ ತಿಳಿದದ್ದನ್ನೂ ಬರೆಯುತ್ತೇನೆ.

ಮೂಗಿನ ಮೇಲೆ ಕೊಂಬಿರುವ ಕಪ್ಪು ಕುರುವಾಯಿ ದುಂಬಿಯನ್ನು ನಮ್ಮ ನಾಡಿನಲ್ಲಿ ಕಾಣದವರಿಲ್ಲ. ರಾತ್ರಿ ಹಾರಿಬಂದು ತೆಂಗಿನ ಸುಳಿಯನ್ನು ಕೊರೆದು ಒಳಗಿನ ರಸವನ್ನು ಹೀರುವುದು ಅದರ ಕೆಲಸ. ಅದು ಕೊರೆದ ಎಳೆಯ ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ಬೀಸಣಿಗೆಯ ಆಕಾರಕ್ಕೆ ಕತ್ತರಿಸಿದಂತೆ ಕಾಣುತ್ತದೆ. ಎಳೆಯ ಸಸಿಯಾದರೆ ಸತ್ತೇ ಹೋಗಬಹುದು. ಗಾಯದ ವಾಸನೆಗೆ ಕೆಂಪುಮೂತಿ ಹುಳು ಬಂದು ಸೇರಿದರೆ ದೊಡ್ಡ ಮರವೂ ಉಳಿಯದು. ಆದರೆ ಈ ದುಂಬಿ ಹುಟ್ಟಿ ಬೆಳೆಯುವುದು ತೆಂಗಿನ ಮರದಲ್ಲಲ್ಲ, ನಮ್ಮದೇ ಹಟ್ಟಿಗೊಬ್ಬರದಲ್ಲಿ ಮತ್ತು ಕೊಳೆತ ತೆಂಗಿನ ಕಾಂಡದಲ್ಲಿ. ಗೊಬ್ಬರ ತೆಗೆಯುವಾಗ ಸಿಗುವ, ಬಿಳಿಯ, ಕೊಕ್ಕೆಯಂತೆ ಬಾಗಿದ ಗೊಣ್ಣೆಹುಳುವೇ ನಾಲ್ಕಾರು ತಿಂಗಳ ಬಳಿಕ ಕುರುವಾಯಿಯಾಗುತ್ತದೆ. ಹುಳು ತೆಂಗನ್ನು ಮುಟ್ಟುವುದಿಲ್ಲ, ದುಂಬಿ ಗೊಬ್ಬರವನ್ನು ತಿನ್ನುವುದಿಲ್ಲ. ಇದನ್ನು ತಿಳಿಯದೆ ನಾವು ಮರದ ಮೇಲೆಯೇ ಶತ್ರುವನ್ನು ಹುಡುಕುತ್ತಿದ್ದೆವು.

1981ರ ಒಂದು ಘಟನೆಯನ್ನು ಹೇಳದೆ ಮುಂದುವರಿಯಲಾರೆ. ನಾವು ನೆಟ್ಟಿದ್ದ ಸಸಿಗಳ ಸುಳಿಗಳು ಒಂದೊಂದಾಗಿ ಹೋಗತೊಡಗಿದಾಗ ಗೊಬ್ಬರಗುಂಡಿಗೆ ಬಿಎಚ್‌ಸಿ ಪುಡಿ ಹಾಕುವುದೆಂದು ತೀರ್ಮಾನವಾಯಿತು. ಆಗ ಎಲ್ಲರೂ ಹಾಕುತ್ತಿದ್ದುದು ಅದನ್ನೇ. ಏಳನೆಯ ತರಗತಿಯ ಹುಡುಗರಿಂದ ಬರಿಗೈಯಲ್ಲಿ ಆ ಪುಡಿಯನ್ನು ಎರಚಿಸಿದವನು ನಾನು. ಸಂಜೆಯಾಗುವಾಗ ಒಬ್ಬ ಹುಡುಗ ತಲೆ ತಿರುಗಿ ವಾಂತಿ ಮಾಡಿಕೊಂಡ. ಮರುದಿನ ಚೇತರಿಸಿಕೊಂಡನೆನ್ನಿ. ಗುಂಡಿಯ ಬಳಿಯ ಕಪ್ಪೆಗಳು ಮಾತ್ರ ಸತ್ತುಬಿದ್ದಿದ್ದವು. ಆ ಹುಡುಗ ಈಗ ಐವತ್ತೈದು ದಾಟಿದ ಗೃಹಸ್ಥರು. ಈ ಸಂಚಿಕೆ ಅವರ ಕೈಗೂ ಬಂದೀತು. ತಪ್ಪು ನನ್ನದೆಂದು ಇಲ್ಲಿ ಬರೆದಿಡುತ್ತೇನೆ. ಬಿಎಚ್‌ಸಿ ನಮ್ಮ ದೇಶದಲ್ಲಿ ನಿಷೇಧವಾದುದು 1997ರಲ್ಲಿ. ಗೇರುತೋಟಗಳ ಮೇಲೆ ಸುಮಾರು ಎರಡು ದಶಕ, 2000ದವರೆಗೆ, ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಕಥೆಯನ್ನು ಎಣ್ಮಕಜೆಯ ಆಸುಪಾಸಿನವರಿಗೆ ನಾನು ಹೇಳಬೇಕಾಗಿಲ್ಲ.

ವಿಷವಿಲ್ಲದ ಉಪಾಯ ದೊರೆತದ್ದು ದೂರದ ಸಮುದ್ರದಲ್ಲಿ. 1909ರ ಸುಮಾರಿಗೆ ಸಿಲೋನಿನಿಂದ ಸಾಗಿಸಿದ ರಬ್ಬರ್ ಸಸಿಗಳ ಜೊತೆಗೆ ಕುರುವಾಯಿಯು ಪೆಸಿಫಿಕ್ ಸಾಗರದ ಸಮೋವಾ ದ್ವೀಪವನ್ನು ಹೊಕ್ಕು ಅಲ್ಲಿನ ತೆಂಗುಗಳನ್ನು ಹಾಳುಗೆಡವಿತು. (ಸಸಿಯ ಬುಡದ ಮಣ್ಣಿನಲ್ಲಿ ಏನೇನು ಪ್ರಯಾಣ ಮಾಡುತ್ತದೆಂದು ನರ್ಸರಿಯಿಂದ ಗಿಡ ತರುವವರು ಯೋಚಿಸಬೇಕು.) 1963ರಲ್ಲಿ ಜರ್ಮನಿಯ ವಿಜ್ಞಾನಿ ಹ್ಯೂಗರ್ ಮಲೇಶಿಯಾದಲ್ಲಿ ಈ ಹುಳುಗಳಿಗೆ ಬರುವ ಒಂದು ವೈರಸ್ ರೋಗವನ್ನು ಕಂಡುಹಿಡಿದರು. 1967ರಲ್ಲಿ ಅದನ್ನು ಸಮೋವಾದಲ್ಲಿ ಬಿಟ್ಟಾಗ ಹಾವಳಿ ಗಣನೀಯವಾಗಿ ತಗ್ಗಿತು.

ಈ ರೋಗದ ವೈಶಿಷ್ಟ್ಯವೆಂದರೆ ದುಂಬಿಯನ್ನು ಅದು ಕೂಡಲೇ ಕೊಲ್ಲುವುದಿಲ್ಲ. ಕರುಳು ಬೆಳ್ಳಗಾಗಿ ಊದಿಕೊಳ್ಳುತ್ತದೆ, ಆಹಾರ ಕಡಿಮೆಯಾಗುತ್ತದೆ, ಹೆಣ್ಣು ಮೊಟ್ಟೆಯಿಡುವುದು ನಿಲ್ಲುತ್ತದೆ. ಹೀಗೆ ಬದುಕಿರುವಷ್ಟು ದಿನ ಅದು ಹೋದ ಗೊಬ್ಬರಗುಂಡಿಗಳಲ್ಲಿ ಹಿಕ್ಕೆಯ ಮೂಲಕವೂ, ಜೊತೆಗೂಡಿದ ಇತರ ದುಂಬಿಗಳಿಗೆ ಸಂಪರ್ಕದಿಂದಲೂ ರೋಗವನ್ನು ಹಂಚುತ್ತದೆ. ನಾವು ಮುಟ್ಟಲಾರದ ಪೊಟರೆಗಳಿಗೂ ಔಷಧಿಯನ್ನು ಕುರುವಾಯಿಯೇ ಹೊತ್ತೊಯ್ಯುತ್ತದೆ! ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯವರು ಹೆಕ್ಟೇರಿಗೆ 10ರಿಂದ 15 ರೋಗಪೀಡಿತ ದುಂಬಿಗಳನ್ನು ಬಿಡಬೇಕೆನ್ನುತ್ತಾರೆ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ, 1916ರಲ್ಲಿ, ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಂಸ್ಥೆಯದು. ಲಕ್ಷದ್ವೀಪದ ಮಿನಿಕಾಯ್‌ಯಲ್ಲಿ 1980ರ ದಶಕದಲ್ಲಿ ಈ ವೈರಸ್ಸನ್ನು ಬಿಟ್ಟು ನೋಡಿದಾಗ ದುಂಬಿಗಳ ಸಂಖ್ಯೆಯೂ ಹಾನಿಯೂ ಇಳಿದವು.

ಎರಡನೆಯ ಸಹಾಯಕ ಮೆಟರೈಜಿಯಂ ಎಂಬ ಹಸಿರು ಬೂಸ್ಟು. 1879ರಲ್ಲಿ ರಷ್ಯಾದ ಮೆಚ್ನಿಕಾಫ್ ಗೋಧಿಯ ದುಂಬಿಯಲ್ಲಿ ಇದನ್ನು ಕಂಡು, ಕೀಟಗಳಿಗೆ ಕೀಟರೋಗವನ್ನೇ ಮದ್ದಾಗಿಸಬಹುದೆಂದು ಯೋಚಿಸಿದರು. ಬೂಸ್ಟಿನ ಬೀಜಕಣ ಹುಳುವಿನ ಚರ್ಮಕ್ಕೆ ಅಂಟಿ, ಮೊಳೆತು, ಒಳನುಗ್ಗುತ್ತದೆ. ಸತ್ತ ಹುಳು ಸೀಮೆಸುಣ್ಣದಂತೆ ಗಟ್ಟಿಯಾಗಿ, ಮೊದಲು ಬೆಳ್ಳಗೆ, ಮತ್ತೆ ಹಸಿರಾಗುತ್ತದೆ. ಕೊಬ್ಬರಿ ಮಾಡುವಾಗ ನಾವು ಚೆಲ್ಲುವ ತೆಂಗಿನಕಾಯಿಯ ನೀರಿನಲ್ಲಿಯೇ ಇದನ್ನು ಬೆಳೆಸಬಹುದೆಂದು ನಮ್ಮ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಬಿಸಿಲು, ಒಣಹವೆ ಇದಕ್ಕೆ ಆಗದು. ಆದುದರಿಂದ ಗೊಬ್ಬರ ತೇವವಾಗಿರುವಾಗ, ಸಂಜೆಯ ಹೊತ್ತಿಗೆ ಬೆರೆಸಬೇಕು. ಶಿಲೀಂಧ್ರನಾಶಕಗಳನ್ನು ಅದೇ ಗುಂಡಿಗೆ ಹಾಕಬಾರದು.

ನರ್ಸರಿಯ ಚೀಲಗಳಲ್ಲಿ, ವಿದೇಶದ ಗಾಜಿನ ಮನೆಗಳಲ್ಲಿ ಹಾರಾಡುವ ಸಣ್ಣ ಕಪ್ಪು ನೊಣಗಳಿಗೂ ಇದೇ ಮಾರ್ಗ. ಅವುಗಳ ಮರಿಗಳು ಸದಾ ಒದ್ದೆಯಾದ ಮಣ್ಣಿನಲ್ಲಿ ಎಳೆಬೇರನ್ನು ತಿನ್ನುತ್ತವೆ. ಕಣ್ಣಿಗೆ ಕಾಣದ ಜಂತುಹುಳುಗಳನ್ನು ನೀರಿನಲ್ಲಿ ಕಲಸಿ ಎರೆದರೆ ಅವು ಮರಿಗಳ ದೇಹವನ್ನು ಹೊಕ್ಕು ಕೊಲ್ಲುತ್ತವೆ. ಅಡಿಕೆಯ ಬೇರುಹುಳುವಿನ ಮೇಲೆಯೂ ಇಂಥ ಜಂತುಗಳ ಪ್ರಯೋಗ ನಡೆದಿದೆ. ಅದಕ್ಕಿಂತ ಮೊದಲು ನೀರು ಹಾಕುವುದನ್ನು ಕಡಿಮೆ ಮಾಡಬೇಕು ಎಂಬುದು ನನ್ನ ಮತ.

ವೈರಸ್ ಎಂದೆಂದಿಗೂ ಸಾಕೆಂದು ಭಾವಿಸಬಾರದು. 2007ರಲ್ಲಿ ಪೆಸಿಫಿಕ್‌ನ ಗುವಾಮ್ ದ್ವೀಪಕ್ಕೆ ಬಂದ ಕುರುವಾಯಿಯ ಒಂದು ತಳಿ ಈ ರೋಗಕ್ಕೆ ಬಗ್ಗಲಿಲ್ಲ. ಅದು ಹವಾಯಿಗೂ ಹರಡಿತು. ಹಾಗಾಗಿ ಸತ್ತ ತೆಂಗನ್ನು ಕಡಿದು ಸುಡುವುದು, ಸುಳಿಯ ಸುತ್ತಲಿನ ಕಂಕುಳಲ್ಲಿ ಬೇವಿನ ಹಿಂಡಿ ಮತ್ತು ಮರಳನ್ನು ಸಮಪಾಲು ತುಂಬುವುದು, ಕೊಕ್ಕೆಯಿಂದ ದುಂಬಿಯನ್ನು ಎಳೆಯುವುದು, ಇವೆಲ್ಲ ನಮ್ಮ ಹಿರಿಯರು ಮಾಡಿದಂತೆಯೇ ನಡೆಯಬೇಕು.

ಕಳೆದ ಮಳೆಗಾಲದಲ್ಲಿ ಶಾಲೆಯ ಗುಂಡಿಗೆ ಹಸಿರು ಬೂಸ್ಟನ್ನು ಹಾಕಿಸಿದೆವು. ಮಕ್ಕಳು ಕೈಚೀಲ ತೊಟ್ಟಿದ್ದರು. ತಿಂಗಳ ಬಳಿಕ ಒಬ್ಬಳು ಹುಡುಗಿ ಎಲೆಯ ಮೇಲೆ ಹಸಿರಾಗಿ ಸೆಟೆದ ಹುಳುವೊಂದನ್ನು ತಂದು, “ಮಾಸ್ತರೇ, ಇದು ನಿಮ್ಮ ಬೂಸ್ಟೇ ಅಲ್ಲವೇ?” ಎಂದಳು. ಅದನ್ನು ಪುನಃ ಗುಂಡಿಯಲ್ಲೇ ಹೂಳಲು ಹೇಳಿದೆ. ಮುಂದಿನ ಹುಳುಗಳಿಗೆ ಬೀಜ ಅಲ್ಲಿಯೇ ಬೇಕಷ್ಟೆ.