ಗೊರಕೆ ನಿಂತ ಗಳಿಗೆ

ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಹೋದವರಿಗೆ ಪಕ್ಕದ ಬರ್ತಿನ ಗೊರಕೆ ಹೊಸದಲ್ಲ. ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತುಬಿಡುತ್ತದೆ. ಸದ್ಯ, ಇನ್ನು ನಿದ್ದೆ ಮಾಡಬಹುದು ಎಂದುಕೊಳ್ಳುವಷ್ಟರಲ್ಲಿ ಗಂಟಲು ಕಿತ್ತು ಬಂದಂಥ ಸದ್ದು, ಮಗ್ಗುಲು ಹೊರಳಿದ ಸದ್ದು, ಮತ್ತೆ ಅದೇ ಗೊರಕೆ. ಹೆದರಬೇಕಾದ್ದು ನಡುವಿನ ಆ ಮೌನಕ್ಕೆ. ಆಗ ಅವರ ಉಸಿರು ನಿಂತಿರುತ್ತದೆ.

ಸ್ಲೀಪ್ ಅಪ್ನಿಯಾ ಎಂಬ ಕಾಯಿಲೆಯ ಗುರುತಿದು. ನಾಲಿಗೆಯ ಹಿಂದಿನ ಗಂಟಲಿಗೆ ಗಟ್ಟಿ ಮೂಳೆಯ ಆಸರೆಯಿಲ್ಲ. ಸ್ನಾಯುಗಳೇ ಅದನ್ನು ತೆರೆದಿಡಬೇಕು. ನಿದ್ದೆಯಲ್ಲಿ ಅವು ಸಡಿಲಗೊಳ್ಳುತ್ತವೆ. ಎಳನೀರಿನಲ್ಲಿ ನೆನೆದು ಮೆತ್ತಗಾದ ಕಾಗದದ ಸ್ಟ್ರಾ ಹೀರಿದಷ್ಟೂ ಒಳಕ್ಕೆ ಅಂಟಿಕೊಳ್ಳುತ್ತದಲ್ಲ, ಹಾಗೆಯೇ ಗಂಟಲೂ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಯಿಂದ ಅರೆಕ್ಷಣ ಎಬ್ಬಿಸುತ್ತದೆ. ಬೆಳಿಗ್ಗೆ ಇದಾವುದೂ ನೆನಪಿರುವುದಿಲ್ಲ.

ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅಥವಾ ತೀರಾ ಕುಗ್ಗಿದರೆ ಅದು ಲೆಕ್ಕಕ್ಕೆ ಬರುತ್ತದೆ. ದೊಡ್ಡವರಲ್ಲಿ ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಸಹಜ, 30 ಮುಟ್ಟಿದರೆ ತೀವ್ರ. ಅಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಕತ್ತು ಹಿಸುಕಿ ಬಿಟ್ಟ ಹಾಗೆ, ರಾತ್ರಿಯಿಡೀ. ಪ್ರತಿ ಸಲವೂ ಅಡ್ರಿನಲಿನ್ ನುಗ್ಗುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಇಳಿಯದವರಲ್ಲಿ ಈ ತೊಂದರೆ ಬಹಳ. ಹೃದಯ ತಾಳ ತಪ್ಪುವುದು, ಪಾರ್ಶ್ವವಾಯು, ಸಕ್ಕರೆ ಕಾಯಿಲೆ ಇವಕ್ಕೂ ಇದರ ನಂಟಿದೆ. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದನ್ನು ವಯಸ್ಸಿನ ತಲೆಗೆ ಕಟ್ಟುತ್ತೇವೆ. ಅದಕ್ಕೂ ಇದು ಕಾರಣವಿರಬಹುದು. ಹಗಲು ಕೂತಲ್ಲೇ ತೂಕಡಿಸುವವರನ್ನು ಕುಂಭಕರ್ಣ ಎಂದು ನಗುವುದು ನಮ್ಮ ರೂಢಿ. ಅವರು ಸ್ಟಿಯರಿಂಗ್ ಹಿಡಿದಿದ್ದರೆ ನಗುವ ಮಾತಲ್ಲ.

ಒಂದು ಕಾಲಕ್ಕೆ ತೀವ್ರ ರೋಗಿಗಳಿಗಿದ್ದ ಖಚಿತ ಉಪಾಯ ಕತ್ತಿನಲ್ಲಿ ತೂತು ಕೊರೆಯುವುದು. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಒತ್ತಡದ ಗಾಳಿ ಊದಿ ಗಂಟಲನ್ನು ತೆರೆದಿಟ್ಟರು. 1981ರಲ್ಲಿ ಅದನ್ನು ಪ್ರಕಟಿಸಿದರು. ಮೊದಮೊದಲ ಯಂತ್ರಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಮೋಟಾರೇ ಗತಿ. ಇಂದಿನ ಸಿಪ್ಯಾಪ್ ಯಂತ್ರ ಅದರದೇ ಸಂತಾನ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮಲಗುವುದು ಕಿರಿಕಿರಿ, ನಿಜ. ತೂಕ ಇಳಿಸುವುದು, ಕುಡಿತ ಬಿಡುವುದು, ಮಗ್ಗುಲಾಗಿ ಮಲಗುವುದು ಕೂಡ ಹಲವರಿಗೆ ನೆರವಾಗುತ್ತವೆ. ಹಾಗೆಂದು ಇದು ದಪ್ಪಗಿದ್ದವರ ಕಾಯಿಲೆ ಮಾತ್ರವಲ್ಲ. ದವಡೆ ಚಿಕ್ಕದಾದ ತೆಳ್ಳಗಿನವರಿಗೂ ಬರುತ್ತದೆ.

ರೋಗಿಗೆ ತನ್ನ ರೋಗ ಕೇಳಿಸುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಕೇಳಿಸುತ್ತದೆ. ಮನೆಯಲ್ಲಿ ಯಾರದಾದರೂ ಗೊರಕೆ ಹೀಗೆ ನಿಂತು ನಿಂತು ಸಾಗುತ್ತಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ವೈದ್ಯರ ಬಳಿ ಹೋದಾಗ ಕೇಳಿಸಿ.