ಕಣ್ಣಿಗೆ ಕೇಳುವ ಪ್ರಶ್ನೆ

ಧಾರವಾಡದ ಸಂತೆಯಲ್ಲಿ ಪೇರಲ ಹಣ್ಣಿನ ಬುಟ್ಟಿಯನ್ನೇ ನೋಡುತ್ತ ಹೆಂಚಿನ ಮೇಲೆ ಕುಳಿತ ಮಂಗನನ್ನು ನಮ್ಮಲ್ಲಿ ಕಾಣದವರಾರು? ಅದರ ಕೈ ಚಾಚುವ ಮೊದಲೇ ಕಣ್ಣು ಹಣ್ಣಿಗೆ ಹೋಗಿ ಬಂದಿರುತ್ತದೆ. ಮಾರುವವಳ ಮುಖದ ಮೇಲೂ ಅವಳ ಕೈಯ ಕೋಲಿನ ಮೇಲೂ ಒಂದು ಕ್ಷಣ ನೆಟ್ಟು ಮರಳಿರುತ್ತದೆ. ಅದು ಏನನ್ನು ಬಯಸಿತು, ಯಾವುದಕ್ಕೆ ಅಂಜಿತು, ಕೊನೆಗೆ ಏನನ್ನು ನಿಶ್ಚಯಿಸಿತು ಎಂಬುದನ್ನು ಕಣ್ಣಿನ ಚಲನೆಯಿಂದ ತಕ್ಕಮಟ್ಟಿಗೆ ಓದಬಹುದು. ಮಿದುಳಿನ ಅಭ್ಯಾಸಿಗಳು ಇದೇ ಸಂಗತಿಯನ್ನು ಪ್ರಯೋಗಶಾಲೆಗೆ ಕೊಂಡೊಯ್ದಿದ್ದಾರೆ. ಆದರೆ ಅಲ್ಲೊಂದು ತೊಡಕುಂಟು. ಮಂಗನಿಗೆ ಪ್ರಶ್ನೆಯನ್ನು ಮಾತಿನಲ್ಲಿ ಕೇಳುವಂತಿಲ್ಲ. ಕಣ್ಣಿಗೆ ತಿಳಿಯುವಂತೆ, ಕಣ್ಣಿನಿಂದಲೇ ಉತ್ತರ ಬರುವಂತೆ ಅದನ್ನು ಕಟ್ಟಬೇಕು. ಪ್ರಶ್ನಪತ್ರಿಕೆ ತೆಗೆದ ಅನುಭವವುಳ್ಳ ಶಿಕ್ಷಕಬಂಧುಗಳಿಗೆ ಇದರ ಕಷ್ಟ ಬೇಗನೆ ಅರಿವಾದೀತು.

ನಮ್ಮ ಕಣ್ಣಾಗಲಿ ಮಂಗನ ಕಣ್ಣಾಗಲಿ ಎಲ್ಲ ಕಡೆಯನ್ನೂ ಒಂದೇ ಸಮನೆ ಕಾಣುವುದಿಲ್ಲ. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಭಾಗ ಮಾತ್ರ ಅತ್ಯಂತ ತಿಳಿಯಾಗಿ ಕಾಣುತ್ತದೆ. ಸುತ್ತಲಿನದು ಹೊರಹೊರಗೆ ಹೋದಂತೆ ಮಸಕಾಗುತ್ತದೆ. ಆದ್ದರಿಂದ ಕಣ್ಣು ಸೆಕೆಂಡಿಗೆ ಸುಮಾರು ೩ ಸಲ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತಲೇ ಇರುತ್ತದೆ. ಹೊಸದೊಂದು ಬೆಳಕು ಮೂಡಿದ ಮೇಲೆ ಅತ್ತ ಜಿಗಿಯಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಆ ಅಲ್ಪಕಾಲದಲ್ಲಿ ಮಿದುಳಿನೊಳಗೆ ನಡೆಯುವ ವ್ಯಾಪಾರವೇನು ಎಂಬುದೇ ಇಲ್ಲಿಯ ಜಿಜ್ಞಾಸೆ.

ಮೊದಮೊದಲು ದೃಷ್ಟಿಗೆ ಸಂಬಂಧಿಸಿದ ನರಕೋಶಗಳನ್ನು ಬಹುಮಟ್ಟಿಗೆ ಅರಿವಳಿಕೆ ಕೊಟ್ಟ ಪ್ರಾಣಿಗಳಲ್ಲಿಯೇ ಪರಿಶೀಲಿಸುತ್ತಿದ್ದರು. ೧೯೬೩ರಲ್ಲಿ ಅಮೆರಿಕದ ಡೇವಿಡ್ ರಾಬಿನ್‌ಸನ್ ಅವರು ಕಾಂತಕ್ಷೇತ್ರದ ನೆರವಿನಿಂದ ಕಣ್ಣಿನ ಚಲನೆಯನ್ನು ಸೂಕ್ಷ್ಮವಾಗಿ ಅಳೆಯುವ ಉಪಾಯ ಕಂಡುಹಿಡಿದರು. ೧೯೬೯ರಲ್ಲಿ ರಾಬರ್ಟ್ ವುರ್ಟ್ಜ್ ಅವರು ಎಚ್ಚರವಿರುವ ಮಂಗನಿಗೆ ಒಂದು ಗುರುತನ್ನು ನೆಟ್ಟು ನೋಡುವುದನ್ನು ಕಲಿಸಿ, ಆ ಸ್ಥಿತಿಯಲ್ಲಿಯೇ ಅದರ ನರಕೋಶಗಳ ಮಿಡಿತವನ್ನು ದಾಖಲಿಸಿದರು.

ಕಲಿಸುವುದು ಎಂದೆ, ಆದರೆ ಮಂಗ ಕಲಿಯುವುದು ನಾವು ಕಲಿಸಿದ್ದನ್ನೇ ಎಂಬ ಭರವಸೆಯಿಲ್ಲ. ಬೆಳಕು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸರದಿಯಂತೆ ಮೂಡಿದರೆ ಅದು ಬೆಳಕನ್ನು ನೋಡದೆಯೇ ಸರದಿಯನ್ನು ಹಿಡಿದು ಕಣ್ಣು ಹೊರಳಿಸುತ್ತದೆ. ಕಾಯಬೇಕಾದ ಅವಧಿ ಯಾವಾಗಲೂ ಒಂದೇ ಆದರೆ ಅವಧಿಯನ್ನು ಅಂದಾಜಿಸಿ ಮುಂಚಿತವಾಗಿಯೇ ಜಿಗಿಯುತ್ತದೆ. ಹಳೆಯ ಪತ್ರಿಕೆಗಳನ್ನು ಕೂಡಿಸಿಟ್ಟುಕೊಂಡು ಈ ವರ್ಷದ ಪ್ರಶ್ನೆಯನ್ನು ಊಹಿಸುವ ಹುಡುಗನೂ ಇದನ್ನೇ ಮಾಡುತ್ತಾನಲ್ಲವೆ! ಉತ್ತರ ಸರಿ, ಪಾಠ ಮಾತ್ರ ತಲೆಗೆ ಹೋಗಿಲ್ಲ. ಅದಕ್ಕಾಗಿ ದಿಕ್ಕನ್ನೂ ಅವಧಿಯನ್ನೂ ಕ್ರಮವಿಲ್ಲದೆ ಬದಲಿಸುತ್ತಾರೆ; ಬೆಳಕು ಮೂಡಿ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಕಳೆಯದೆ ಬಂದ ಜಿಗಿತಗಳನ್ನು ಸಾಮಾನ್ಯವಾಗಿ ಊಹೆಯೆಂದು ತೆಗೆದುಹಾಕುತ್ತಾರೆ.

ಇದಕ್ಕಿಂತ ಕಠಿಣವಾದ ಸಮಸ್ಯೆಯೊಂದಿದೆ. ಬೆಳಕು ಕಂಡಿತು, ಕಣ್ಣು ಜಿಗಿಯಿತು. ನಡುವೆ ಒಂದು ನರಕೋಶ ಮಿಡಿಯಿತು. ಆ ಮಿಡಿತ ಕಂಡದ್ದಕ್ಕೋ ಜಿಗಿತಕ್ಕೋ? ಎರಡೂ ಬೆನ್ನುಬೆನ್ನಿಗೆ ನಡೆದಿರುವುದರಿಂದ ಹೇಳಲಾಗದು. ೧೯೮೩ರಲ್ಲಿ ಹಿಕೊಸಾಕಾ ಮತ್ತು ವುರ್ಟ್ಜ್ ಅವರು ಇವೆರಡರ ನಡುವೆ ಕಾಲವನ್ನು ಹಿಗ್ಗಿಸಿದರು. ಮಂಗ ನಡುವಿನ ಬಿಂದುವನ್ನೇ ನೋಡುತ್ತಿರುವಾಗ ಬದಿಯಲ್ಲಿ ಬೆಳಕೊಂದು ಮಿನುಗಿ ಆರುತ್ತದೆ. ಅತ್ತ ಕಣ್ಣು ಹಾಯಿಸಿದರೆ ಬಹುಮಾನವಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಡುವಿನ ಬಿಂದುವೂ ಆರುತ್ತದೆ. ಆಗ, ಈಗ ಏನೂ ಇಲ್ಲದ ಆ ಜಾಗಕ್ಕೆ ನೆನಪಿನಿಂದಲೇ ಕಣ್ಣನ್ನು ಒಯ್ಯಬೇಕು. ಮಿನುಗಿದಾಗ ಮಿಡಿದ ಕೋಶ ನೋಟದ್ದು, ಜಿಗಿಯುವಾಗ ಮಿಡಿದದ್ದು ಚಲನೆಯದು, ಬೆಳಕಿಲ್ಲದ ಆ ನಡುವಿನ ಹೊತ್ತಿನಲ್ಲಿ ಎಡೆಬಿಡದೆ ಮಿಡಿದದ್ದು ನೆನಪಿಗೋ ಸಿದ್ಧತೆಗೋ ಸೇರಿದ್ದು. ಒಂದು ಹೊಸ ಯಂತ್ರವಿಲ್ಲದೆ, ಕೇವಲ ಕಾಯಿಸುವುದರಿಂದ ಇಷ್ಟು ತಿಳಿದುಬಂದದ್ದು ನನಗೆ ಇಂದಿಗೂ ಬೆರಗಿನ ವಿಷಯ.

ತಡೆಯುವ ಶಕ್ತಿಯನ್ನು ಅಳೆಯಲು ಬೇರೊಂದು ರೀತಿಯುಂಟು. ಬೆಳಕಿನತ್ತ ಜಿಗಿಯಲು ಹೊರಟಾಗ ಕೆಲವು ಸರತಿಗಳಲ್ಲಿ ಮಾತ್ರ ‘ನಿಲ್ಲು’ ಎಂಬ ಸಂಕೇತ ಬರುತ್ತದೆ. ಅದು ಪದೇಪದೇ ಬಂದರೆ ಜಾಣ ಮಂಗ ಪ್ರತಿಸಲವೂ ನಿಧಾನಿಸುತ್ತದೆ. ಆದ್ದರಿಂದ ಅದು ವಿರಳವಾಗಿರಬೇಕು. ಈ ದಾರಿಯಲ್ಲಿ ನಡೆದ ಹೇನ್ಸ್ ಮತ್ತು ಶಾಲ್ ಅವರು ೧೯೯೬ರಲ್ಲಿ ಒಂದು ಮಹತ್ವದ ಸಂಗತಿಯನ್ನು ತೋರಿಸಿದರು: ಮಿದುಳಿನ ಮುಂಭಾಗದ ಕೆಲವು ಕೋಶಗಳ ಮಿಡಿತ ಒಂದು ಗೊತ್ತಾದ ಮಟ್ಟ ಮುಟ್ಟಿದಾಗಲೇ ಕಣ್ಣು ಚಲಿಸುತ್ತದೆ. ಶಾಲ್ ಅವರೊಡನೆ ಕೆಲಸ ಮಾಡಿದ ಆದಿತ್ಯ ಮೂರ್ತಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಅಭ್ಯಾಸಗಳನ್ನು ಬೆಳೆಸಿದರು.

ಇಷ್ಟಕ್ಕೂ ಪ್ರತಿಯೊಂದು ಉತ್ತರದ ಬೆಲೆಯನ್ನು ಪ್ರಾಣಿಯೇ ತೆರುತ್ತದೆ. ಸರಿಯುತ್ತರಕ್ಕೆ ಕೆಲವು ಹನಿ ಹಣ್ಣಿನ ರಸ ಸಿಗುತ್ತದೆ ನಿಜ; ಅದು ರುಚಿಸಬೇಕಾದರೆ ಅನೇಕ ಕಡೆ ಅದರ ನೀರಿನ ಪ್ರಮಾಣವನ್ನು ನಿಯಂತ್ರಿಸಿರುತ್ತಾರೆ, ತಲೆ ಅಲುಗದಂತೆ ಹಿಡಿದಿರುತ್ತಾರೆ. ನಮ್ಮ ದೇಶದಲ್ಲಿ ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ೧೯೯೮ರ ನಿಯಮಗಳೂ ಇಂಥ ಪ್ರಯೋಗಗಳಿಗೆ ಮುಂಚಿತವಾದ ಒಪ್ಪಿಗೆಯನ್ನೂ ಮೇಲ್ವಿಚಾರಣೆಯನ್ನೂ ವಿಧಿಸಿವೆ. ಆದರೆ ಕೆಟ್ಟದಾಗಿ ಕಟ್ಟಿದ ಪ್ರಶ್ನೆಯಿಂದ ಪ್ರಾಣಿಯ ತಿಂಗಳುಗಟ್ಟಲೆ ಶ್ರಮ ವ್ಯರ್ಥವಾಗುವುದನ್ನು ಕಾಯಿದೆಯೊಂದೇ ತಡೆಯಲಾರದು. ಅದು ಪ್ರಶ್ನೆ ತೆಗೆಯುವವನ ಹೊಣೆ.

ಈ ದೃಷ್ಟಿಯಿಂದ ಅದೇ ಸಂಸ್ಥೆಯ ಎಸ್. ಪಿ. ಅರುಣ್ ಮತ್ತು ಸಂಗಡಿಗರು ೨೦೨೧ರಲ್ಲಿ ಪ್ರಕಟಿಸಿದ ಕಾರ್ಯ ಗಮನಾರ್ಹ. ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿದ, ನಮ್ಮ ಹೆಂಚುಗಳ ಮೇಲೆ ಓಡಾಡುವ ಜಾತಿಯ ಮಂಗಗಳೇ ಅಲ್ಲಿಯವು. ಅವು ಗುಂಪಾಗಿ ವಿಶಾಲವಾದ ಆವರಣದಲ್ಲಿರುತ್ತವೆ; ತಾವಾಗಿ ಬಂದು, ಗದ್ದವನ್ನು ಆನಿಸಿ, ರಸ ಹೀರುತ್ತ ಮುಟ್ಟುವ ಪರದೆಯ ಮೇಲೆ ಉತ್ತರಿಸುತ್ತವೆ. ಗದ್ದ ಊರಿದ್ದರಿಂದ ಮುಖ ತಾನೇ ಸ್ಥಿರವಾಗಿ, ತಲೆಯನ್ನು ಬಂಧಿಸದೆ ಕ್ಯಾಮೆರಾದಿಂದ ನೋಟದ ದಿಕ್ಕನ್ನು ಗುರುತಿಸಬಹುದಾಗಿದೆ. ಎರಡು ಚಿತ್ರಗಳು ಒಂದೇ ತೆರನೋ ಬೇರೆಯೋ ಎಂದು ಹೇಳುವ ಪಾಠವನ್ನು ಏನೂ ಅರಿಯದ ಒಂದು ಮಂಗನಿಗೆ ಕಲಿಸಬೇಕಾದಾಗ, ಅದನ್ನು ಆಗಲೇ ಕಲಿತಿದ್ದ ಮಂಗಗಳ ಜೊತೆ ಆ ಪರದೆಯ ಮುಂದೆ ಬಿಟ್ಟರು. ಅದು ಕೆಲವೇ ದಿನಗಳಲ್ಲಿ ಪಾಠವನ್ನು ಕಲಿತುಕೊಂಡಿತು.