ವಸಡಿನ ರಕ್ತ: ನೋವಿಲ್ಲದ ಎಚ್ಚರಿಕೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲವೆಂಬ ಗಾದೆಯನ್ನು ಕೇಳದವರಿಲ್ಲ. ಕಡಲೆ ಕೈಸೇರುವ ವಯಸ್ಸಿಗೆ ಹಲ್ಲು ಉದುರುವುದು ಪ್ರಕೃತಿನಿಯಮವೆಂದೇ ಬಹುಮಂದಿಯ ನಂಬಿಕೆ. ಆದರೆ ಹಲ್ಲು ಬೀಳುವುದು ಬಹುಮಟ್ಟಿಗೆ ಮುಪ್ಪಿನಿಂದಲ್ಲ. ಹುಳುಕಿನಿಂದ, ಇಲ್ಲವೆ ವಸಡಿನ ರೋಗದಿಂದ. ಹುಳುಕು ನೋವಿನ ಮೂಲಕ ತನ್ನನ್ನು ಸಾರಿಕೊಳ್ಳುತ್ತದೆ. ವಸಡಿನ ರೋಗವಾದರೋ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ.

ಕೆಂಗೇರಿ ಉಪನಗರದ ಯಾವುದಾದರೊಂದು ಮನೆಯ ಮುಂಜಾನೆಯನ್ನು ನೆನೆಯಿರಿ. ಯಜಮಾನರಿಗೆ ಮೆಟ್ರೋ ಹಿಡಿಯುವ ಅವಸರ, ಗೃಹಿಣಿಗೆ ಊಟದ ಡಬ್ಬಿ ತುಂಬುವ ಅವಸರ. ಹಲ್ಲುಜ್ಜಲು ಸಿಗುವುದು ಅರೆನಿಮಿಷ. ಉಗುಳಿನಲ್ಲಿ ಕೆಂಪು ಕಂಡರೆ ಬ್ರಷ್ ಗಡುಸಾಯಿತೆಂದುಕೊಂಡು ಆ ಭಾಗವನ್ನು ಮುಟ್ಟದೆ ಬಿಡುವವರುಂಟು. ಬ್ರಷ್ಷನ್ನೇ ತೊರೆದು ಬೆರಳಿಗೆ ಶರಣಾಗುವವರೂ ಉಂಟು. ಕೇಡು ಬೇರೂರುವುದು ಇಲ್ಲಿಯೇ.

ರಕ್ತವೇಕೆ?

ಹಲ್ಲಿನ ಬುಡದಲ್ಲಿ ದಿನವೂ ಜೀವಾಣುಗಳ ಅಂಟು ಪಾಚಿ ಕೂಡುತ್ತದೆ. ಅದನ್ನು ತೆಗೆಯದಿದ್ದರೆ ವಸಡು ಕೆಂಪಾಗಿ ಊದಿ, ಮುಟ್ಟಿದೊಡನೆ ರಕ್ತ ಒಸರುತ್ತದೆ. ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಪಾಚಿ ಗಟ್ಟಿಯಾದರೆ ಅದೇ ಹಲ್ಲುಕಿಟ್ಟ. ಅದನ್ನು ದಂತವೈದ್ಯರೇ ತೆಗೆಯಬೇಕು. ಹಾಗೆಯೇ ಬಿಟ್ಟರೆ ವಸಡು ಹಲ್ಲಿನಿಂದ ಕಳಚಿ, ಹಲ್ಲು ನೆಟ್ಟಿರುವ ಎಲುಬು ಸವೆದು, ಹುಳುಕಿಲ್ಲದ ಹಲ್ಲೂ ಅಲುಗಾಡತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಮಂದಿ ತೀವ್ರ ವಸಡುರೋಗಕ್ಕೆ ತುತ್ತಾಗಿದ್ದಾರೆ. ಧೂಮಪಾನಿಗಳ ಪಾಡಂತೂ ಇನ್ನೂ ಕಷ್ಟ: ತಂಬಾಕು ರಕ್ತ ಒಸರುವುದನ್ನು ಅಡಗಿಸುವುದರಿಂದ ಆ ಎಚ್ಚರಿಕೆಯೂ ಅವರಿಗೆ ಸರಿಯಾಗಿ ದೊರೆಯದು.

ಸಕ್ಕರೆ ಕಾಯಿಲೆಯ ನಂಟು

ಬಾಯಿಯ ಕೇಡು ಬಾಯಲ್ಲಿಯೇ ನಿಲ್ಲುವುದಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದರೆ ವಸಡಿನ ತಾಳಿಕೆ ಕುಗ್ಗುತ್ತದೆ. ವಸಡಿನಲ್ಲಿ ಉರಿಯೂತವಿದ್ದರೆ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಕಷ್ಟವಾಗುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತದೆ. ವಸಡಿಗೆ ಸರಿಯಾದ ಚಿಕಿತ್ಸೆಯಾದಾಗ ಸಕ್ಕರೆಯ ಮಟ್ಟವೂ ಸ್ವಲ್ಪ ಇಳಿಯುವುದೆಂದು ಸಂಶೋಧನೆಗಳು ತೋರಿಸಿವೆ. ಹೃದಯದ ಕವಾಟದಲ್ಲಿ ದೋಷವುಳ್ಳವರಿಗೆ ಬಾಯಿಯ ಜೀವಾಣುಗಳು ರಕ್ತದೊಡನೆ ಹರಿದು ಅಪಾಯ ತರುವುದುಂಟು. ಅಂಥವರು ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಈ ಸಂಗತಿಯನ್ನು ತಿಳಿಸಲೇಬೇಕು.

ಮಾಡಬೇಕಾದುದೇನು?

ಬೇವಿನ ಕಡ್ಡಿ, ಇದ್ದಿಲು, ಉಪ್ಪು, 1913ರಲ್ಲಿ ಆರಂಭವಾದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ—ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಬೆಳಗಾಗುತ್ತಿದ್ದುದೇ ಇವುಗಳಿಂದ. ಮುಖ ತೊಳೆಯದೆ ಕಾಫಿಯಿಲ್ಲವೆಂದು ಅಜ್ಜಿಯರು ಕಲಿಸಿದ ಶಿಸ್ತು ಇಂದಿಗೂ ಬೇಕು. ಆದರೆ ಬೆರಳು ಹಲ್ಲಿನ ಸಂದಿಯನ್ನು ಮುಟ್ಟದು. ಒರಟಾದ ಇದ್ದಿಲು, ಉಪ್ಪು ಹಲ್ಲಿನ ಮೇಲ್ಪದರವನ್ನೇ ಸವೆಸುತ್ತವೆ.

ಮೃದುವಾದ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಒತ್ತಡವಿಲ್ಲದೆ, ಫ್ಲೋರೈಡ್ ಉಳ್ಳ ಪೇಸ್ಟಿನಿಂದ ಎರಡು ನಿಮಿಷ ಉಜ್ಜುವುದು ಲೇಸು. ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ; ರಾತ್ರಿಯದನ್ನು ತಪ್ಪಿಸಲೇಬಾರದು. ರಕ್ತ ಬಂದ ಜಾಗವನ್ನು ಬಿಡದೆ ಮೆಲ್ಲನೆ ಶುಚಿಗೊಳಿಸಬೇಕು. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ವೈದ್ಯರನ್ನು ಕಾಣತಕ್ಕದ್ದು.

ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಭಯ ಹಲವರಿಗುಂಟು. ಸಡಿಲಗೊಳಿಸಿದ್ದು ರೋಗ, ಕಿಟ್ಟ ಹೋದಾಗ ಅದು ಗೋಚರಿಸುತ್ತದೆ, ಅಷ್ಟೆ. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಕುಂಬಳಗೋಡಿನಲ್ಲಿ ರಾಜರಾಜೇಶ್ವರಿ ದಂತ ವೈದ್ಯಕೀಯ ಕಾಲೇಜಿದೆ. ನಗರದ ಕಡೆಗೆ ಹೋದರೆ ವಿಕ್ಟೋರಿಯಾ ಆಸ್ಪತ್ರೆಯ ಬಳಿ, 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಮೆಟ್ರೋದಲ್ಲಿ ಮೆಜೆಸ್ಟಿಕ್‌ವರೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರಾಯಿತು.

ನೋವು ಬರಲೆಂದು ಕಾಯುವವರಿಗೆ ವಸಡು ಕಾಯುವುದಿಲ್ಲ. ಉಗುಳಿನ ಆ ಕೆಂಪನ್ನು ಇಂದೇ ಗಮನಿಸಿದರೆ, ಕಡಲೆ ಕೈಸೇರುವ ಕಾಲಕ್ಕೆ ಹಲ್ಲೂ ಜೊತೆಗಿದ್ದೀತು.